ಒಂದಕ್ಷರ ತಪ್ಪಿದರೆ

ಶಿರಾ, ೧೨ ಆಗಸ್ಟ್ ೨೦೨೫, ಮಂಗಳವಾರ

ಬರೆದ ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸಲು ನಾನು ಕಟ್ಟುತ್ತಿರುವ ಕಂಪೈಲರ್‌ಗೆ ಕಮಾಂಡ್‌ನಲ್ಲಿ ಕೊಡುವ ಆಯ್ಕೆಯ ಕನ್ನಡ ಹೆಸರು ಒಂದಕ್ಷರ ತಪ್ಪಿದರೂ ಅದು ಏನೂ ಹೇಳದೆ ಮುಂದೆ ಹೋಗಿಬಿಡುತ್ತಿತ್ತು. ಇದೇ ತಲೆ ತಿನ್ನುತ್ತಿತ್ತು. ಅದರ ಮೇಲೆ, ಪ್ರಾಜೆಕ್ಟ್ ನೋಡುವ ಪ್ರಭುದೇವ್ ಸರ್, “ಕಮಾಂಡಲ್ಲಿ ಕನ್ನಡ ಯಾಕೆ ಗೌಸಿಯಾ, ತೆಗ್ದಾಕ್ಬುಡು” ಎಂದಿದ್ದರು. ನಾನು ತೆಗೆಯಲಿಲ್ಲ, ಬೇರೊಂದು ದಾರಿ ಹುಡುಕಿದೆ.

ಇವತ್ತು ಲ್ಯಾಬಿನಲ್ಲಿ ಸರ್ ತಾವೇ ಟೈಪ್ ಮಾಡಿದರು. ‘--ಎಚ್ಚರಿಕೆ’ ಎನ್ನಲು ಹೋಗಿ ‘--ಎಚರಿಕೆ’ ಎಂದಾಯಿತು. ಕಂಪೈಲರ್ ನಿಂತು ಕೇಳಿತು: “‘ಎಚರಿಕೆ’ ಎಂಬ ಆಯ್ಕೆ ಇಲ್ಲ. ‘ಎಚ್ಚರಿಕೆ’ ಎಂದು ಬರೆಯಬೇಕಿತ್ತೇ?”

ಸರ್ ನಕ್ಕುಬಿಟ್ಟರು. “ಇದು ಇಂಗೇ ಇರ್ಲಿ ಬುಡಮ್ಮ.”

ಮನೆಗೆ ಬಂದು ಅಮ್ಮಿಗೆ ಹೇಳಿದೆ. “ತಪ್ಪು ಬರೆದ್ರೆ ಬಯ್ಯಲ್ವಾ ಅದು?” ಎಂದರು. “ಬಯ್ಯಲ್ಲ ಅಮ್ಮಿ, ಕೇಳುತ್ತೆ” ಎಂದೆ. ಹಾಗೆ ಕೇಳುವುದನ್ನು ಅದಕ್ಕೆ ಕಲಿಸಿದವಳು ನಾನು. ಇದನ್ನು ಬರೆಯುತ್ತಿದ್ದರೆ ಈಗಲೂ ನಗು ಬರುತ್ತಿದೆ.