ಹರಣಿಯ ಹಿಂಗಾಲು

ಬನಹಟ್ಟಿ,
ಗುರುವಾರ, 6 ಫೆಬ್ರುವರಿ 2025

ಹುನ್ನೂರಿನ ಶಿವಪುತ್ರ ಅವರಿಗೆ,

ನಿಮ್ಮ ಹೆಸರನ್ನು ಮದುವೆಯ ಒಡಪಿನ ಪದ್ಯದಲ್ಲಿ ಬಿಟ್ಟು ಬೇರೆಲ್ಲೂ ನಾನು ಹೇಳಿದವಳಲ್ಲ. ಇವತ್ತು ಕಾಗದದ ಮೇಲೆ ಬರೆದಿದ್ದೇನೆ. ಬೇರೆ ಯಾವ ರೀತಿ ಕರೆದು ಶುರು ಮಾಡಬೇಕೆಂದು ಬಹಳ ಹೊತ್ತು ಯೋಚಿಸಿದೆ, ಏನೂ ಹೊಂದಲಿಲ್ಲ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿಮಗೆ ಬೇಡವಾದ ಮಾತು ಬಂದ ಕೂಡಲೇ ನೀವು ಫೋನು ಇಡುತ್ತೀರಿ. ಕಾಗದವನ್ನು ಅರ್ಧಕ್ಕೆ ಬಿಟ್ಟರೂ ಉಳಿದರ್ಧ ಅಲ್ಲೇ ಇರುತ್ತದೆ.

ಮಂಗಳವಾರ ನಿಮ್ಮೂರ ಹಿರಿಯರ ಪೈಕಿ ಹಾಲಸಿದ್ದಪ್ಪ ಕಾಕಾ ಬಂದಿದ್ದರು. ಬರುವ ರವಿವಾರ ಬೀರೇಶ್ವರನ ಗುಡಿಯಲ್ಲಿ ಹಿರಿಯರು ಕೂಡುತ್ತಾರೆ, ನೀವು ಹರಣಿಯನ್ನು ಮರಳಿ ಕೇಳಿದ್ದೀರಿ ಎಂದು ಹೇಳಿದರು. ನನ್ನ ವಿಷಯ ಏನೆಂದರು ಎಂದು ನಾನೇ ಬಾಯಿಬಿಟ್ಟು ಕೇಳಿದೆ. ಅವರು ತಂಬಿಗೆಯ ನೀರು ಕುಡಿದು, ಅತ್ತಿತ್ತ ನೋಡಿ, ನೀವು ಅಂದದ್ದನ್ನು ಹಾಗೇ ಹೇಳಿಬಿಟ್ಟರು. ಸುಳ್ಳು ಹೇಳಲು ಬಾರದ ಮನುಷ್ಯ.

"ನಾಯಿ ಜೋಡಿ ಆಕೀನೂ ಬಂದ್ರ ಬರಲಿ ಅಂದಾನವಾ ನಿನ್ನ ಗಂಡ."

ಒಳಗೆ ಹಿಟ್ಟು ನಾದುತ್ತಿದ್ದ ದಾನಮ್ಮನವರು ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. "ಹಿರಿಯಾರ, ಒಂದ್ ಮಾತ್ ಕೇಳ್ತೇನ್ರಿ. ಕರಕೊಂಡ ಹೋಗಾಕ ಬಂದಾಗ ಉಡಿ ಯಾರಿಗೆ ತುಂಬ್ತೀರಿ? ಈಕಿಗೋ, ನಾಯಿಗೋ?" ಎಂದರು. ಕಾಕಾ ತಲೆ ತಗ್ಗಿಸಿ ನಕ್ಕರು. ನನಗೂ ನಗು ಬಂತು. ಎಷ್ಟೋ ತಿಂಗಳಾದ ಮೇಲೆ ನಕ್ಕದ್ದು, ಅದೂ ಇಂಥ ಮಾತಿಗೆ.

ದಾನಮ್ಮನವರು ಯಾರೆಂದು ನಿಮಗೆ ನೆನಪಿರಲಿಕ್ಕಿಲ್ಲ. ಮೂರು ವರ್ಷದ ಹಿಂದೆ ಜಮಖಂಡಿಯ ಆಸ್ಪತ್ರೆಯಲ್ಲಿ ನನ್ನ ಪಕ್ಕದ ಮಂಚದಲ್ಲಿ ಅವರ ಸೊಸೆ ಹೆತ್ತಿದ್ದಳು. ಅವಳ ಕೂಸು ಅತ್ತಿತು, ನನ್ನದು ಅಳಲಿಲ್ಲ. ಅವರು ಸೊಸೆಗೆಂದು ತಂದ ಬಿಸಿನೀರಿನಲ್ಲಿ ಅರ್ಧ ನನಗೆ ಕೊಟ್ಟಿದ್ದರು. ಈಗ ಅವರ ಮನೆಯ ಹಿಂದಿನ ಖೋಲಿಯಲ್ಲಿ ನಾನು ಮತ್ತು ಹರಣಿ ಇದ್ದೇವೆ. ಅವರ ಪವರ್‌ಲೂಮಿಗೆ ನಾನು ನೂಲಿನ ಕಂಡಿಕೆ ಸುತ್ತಿಕೊಡುತ್ತೇನೆ.

ಹಿರಿಯರ ಮುಂದೆ ನೀವು ಏನು ಹೇಳುವಿರೆಂದು ನನಗೆ ಗೊತ್ತು. ಹರಣಿ ನಿಮ್ಮ ಮನೆಯ ನಾಯಿ, ನಿಮ್ಮ ಮುತ್ಯಾನ ಕಾಲದಿಂದ ನಡೆದುಬಂದ ತಳಿ, ಆ ತಳಿಯಲ್ಲಿ ಉಳಿದ ಹೆಣ್ಣು ಇವಳೊಬ್ಬಳೇ. ಇದೆಲ್ಲ ಖರೆ. ನಾನು ಅಲ್ಲಗಳೆಯುವುದಿಲ್ಲ. ನಿಮಗೆ ಅವಳ ಮೇಲೆ ಪ್ರೀತಿ ಇರಲಿಲ್ಲ ಎಂದೂ ಹೇಳಲಾರೆ. ಹೊಲದಿಂದ ಬಂದವರು ಅವಳಿಗೆ ಹಾಲಿನಲ್ಲಿ ರೊಟ್ಟಿ ಮುರಿದು ಹಾಕಿದ ಮೇಲೆಯೇ ನೀವು ತಾಟಿಗೆ ಕೂಡುತ್ತಿದ್ದಿರಿ. ಮದುವೆಯಾದ ಹೊಸತರಲ್ಲಿ ಅವಳ ತಾಯಿಗೂ ಹೀಗೇ ಮಾಡುತ್ತಿದ್ದಿರಿ. ನಾಯಿಗೆ ಮೊದಲು ಉಣಿಸುವ ಗಂಡಸು ಹೆಂಡತಿಯನ್ನು ಹಸಿವಿನಲ್ಲಿ ಇಡುವುದಿಲ್ಲ ಎಂದು ಅಂದುಕೊಂಡಿದ್ದೆ. ಹೊಟ್ಟೆಗೆ ಹಸಿವು ಆಗಲಿಲ್ಲ, ಅಷ್ಟು ಮಟ್ಟಿಗೆ ನಾನು ಅಂದುಕೊಂಡದ್ದು ಸರಿಯೇ.

ಆದರೆ ಕಳೆದ ಮೇ ತಿಂಗಳಿನಿಂದ ನಡೆದದ್ದನ್ನು ಹಿರಿಯರು ನಿಮ್ಮ ಬಾಯಿಂದ ಮಾತ್ರ ಕೇಳಬಾರದು. ನಾನು ಅವರ ಮುಂದೆ ಹೇಳುವುದನ್ನು ಮೊದಲು ನಿಮಗೆ ಬರೆಯುತ್ತಿದ್ದೇನೆ. ತಪ್ಪಿದ್ದರೆ ರವಿವಾರ ತಿದ್ದಿರಿ.

ಹರಗಿದ ಹೊಲದಲ್ಲಿ ಅವಳನ್ನು ಯಾವುದರ ಹಿಂದೆ ಬಿಟ್ಟಿದ್ದಿರಿ ಎಂದು ನಾನು ಬರೆಯುವುದಿಲ್ಲ. ಅದು ಕಾಯಿದೆಯ ಮಾತು. ಪೂರ್ತಿ ಓಟದಲ್ಲಿದ್ದವಳು ಒಮ್ಮೆಲೇ ತಿರುಗಿದಳು, ಒಂದೇ ಸಲ ಕೂಗಿದಳು, ಆಮೇಲೆ ಬಲ ಹಿಂಗಾಲು ಎತ್ತಿಕೊಂಡು ಮೂರು ಕಾಲಲ್ಲಿ ಮನೆಗೆ ಬಂದಳು. ಕೂಡುವಾಗ ಆ ಕಾಲನ್ನು ಮಡಚದೆ ಪಕ್ಕಕ್ಕೆ ಚಾಚುತ್ತಿದ್ದಳು. ದನದ ದವಾಖಾನೆಗೆ ಒಯ್ಯೋಣ ಎಂದೆ. ನೀವು ಧರೆಪ್ಪನನ್ನು ಕರೆತಂದಿರಿ. ಕುಂಟುವ ಎತ್ತಿಗೆ, ಟಗರಿಗೆ ಬರೆ ಹಾಕಿ ಹೆಸರಾದವನು. "ಎತ್ತಿನ ಕಾಲ್ ನೆಟ್ಟಗ ಮಾಡೇನಿ, ಇದೇನ್ ಬೆಕ್ಕಿನ ಗಾತ್ರದ ನಾಯಿ" ಎಂದು ಅವನು ಕುಡುಗೋಲು ಕಾಯಿಸಿ ಮೊಣಕಾಲಿಗೆ ಮೂರು ಗೆರೆ ಎಳೆದ. ಚರ್ಮ ಸುಟ್ಟ ವಾಸನೆ ಪಡಸಾಲೆಯ ತನಕ ಬಂದಿತ್ತು.

ಜೂನ್ ಕೊನೆಗೆ ಕುಂಟು ಕಡಿಮೆಯಾಯಿತು. ಬರೆಯ ಗುಣ ಎಂದು ನೀವು ಊರೆಲ್ಲ ಹೇಳಿದಿರಿ. ಬರೆಯದಲ್ಲ. ನೀವು ಕುರಿಗಳ ಜೊತೆ ಹೊರಗೆ ಹೋದ ಅಷ್ಟೂ ದಿನ ನಾನು ಅವಳನ್ನು ಬಿಡದೆ ಕಟ್ಟಿದ್ದೆ, ಉಚ್ಚೆಗೆ ಮಾತ್ರ ಹಗ್ಗ ಹಿಡಿದು ಹೊರಗೆ ಒಯ್ಯುತ್ತಿದ್ದೆ. ಕೀಲಿಗೆ ವಿಶ್ರಾಂತಿ ಸಿಕ್ಕರೆ ಊತ ಇಳಿಯುತ್ತದೆ, ನೋವು ತಗ್ಗುತ್ತದೆ, ನಾಯಿ ಕಾಲು ಊರುತ್ತದೆ. ಒಳಗೆ ಹರಿದದ್ದು ಹರಿದೇ ಇರುತ್ತದೆ. ಇದು ಆಗ ನನಗೂ ಗೊತ್ತಿರಲಿಲ್ಲ, ಆದರೆ ಕಟ್ಟಿದರೆ ಆರಾಮಾಗುತ್ತಾಳೆ ಎಂಬುದು ಕಣ್ಣಿಗೆ ಕಾಣುತ್ತಿತ್ತು. ನೀವು ಮರಳಿ ಬಂದವರೇ ಹಗ್ಗ ನೋಡಿ ನಕ್ಕಿರಿ.

"ನಾಯಿಗೆ ಬಾಣಂತನ ಮಾಡಾಕತ್ತೀ ಏನ?"

ಬಾಣಂತನದ ಮಾತನ್ನು ನೀವು ಎತ್ತಬಾರದಿತ್ತು. ಜಮಖಂಡಿಯಿಂದ ನಾನು ಬರಿಗೈಯಲ್ಲಿ ಮನೆಗೆ ಬಂದಾಗ ಅತ್ತೆ ಹಾಸಿಗೆ ಹಾಸಲಿಲ್ಲ, ಕಿವಿಗೆ ಬಟ್ಟೆ ಕಟ್ಟಲಿಲ್ಲ, ಕಾಯಿಸಿದ ನೀರು ಎರೆಯಲಿಲ್ಲ. "ಕೂಸ ಇಲ್ಲದಾಕಿಗೆ ಎಂಥಾ ಬಾಣಂತನ?" ಎಂದರು. ನೀವು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದಿರಿ. ಆ ವಾರವೇ ನಾನು ಕುರಿದಡ್ಡಿಯ ಹಿಕ್ಕೆ ಬಳಿಯಲು ಹೋದೆ, ನೀರು ಹೊತ್ತೆ. ಎಷ್ಟು ದಿನ ರಕ್ತ ಹೋಯಿತೆಂದು ನೀವು ಕೇಳಲಿಲ್ಲ. ಮುಂದೆ ನಾನು ಬಸಿರಾಗಲೇ ಇಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ, ಡಾಕ್ಟರರನ್ನು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಜುಲೈ ಮೊದಲ ವಾರ ಮಿರಜದಿಂದ ನಾಯಿಮರಿ ಕೊಳ್ಳುವ ಮನುಷ್ಯನೊಬ್ಬ ಬಂದ. ಹರಣಿಯ ಮುಂದಿನ ಸೂಲಿನ ಮರಿಗಳನ್ನು ನನಗೇ ಬೇಕೆಂದು ಈಗಲೇ ಹೇಳಿ ಇಡುತ್ತೇನೆ, ಆದರೆ ತಾಯಿ ಹೇಗೆ ಓಡುತ್ತಾಳೆ ನೋಡಬೇಕು ಎಂದ. ಬೇಡ ಎಂದು ಹೇಳಲು ನಾನು ಅಡುಗೆಮನೆಯಿಂದ ಹೊರಗೆ ಬಂದು ನಿಂತೆ, ಹೊರಗಿನವರ ಎದುರಿಗೆ. ನೀವು ನನ್ನ ಕಡೆ ನೋಡದೆ ಹಗ್ಗ ಬಿಚ್ಚಿದಿರಿ. ಅರ್ಧ ಹೊಲ ಚೆನ್ನಾಗಿಯೇ ಓಡಿದಳು. ಆಮೇಲೆ ಹಿಂಭಾಗ ಕುಸಿದು ಮಣ್ಣಿನಲ್ಲಿ ಎರಡು ಸುತ್ತು ಉರುಳಿದಳು. ಆ ಮನುಷ್ಯ ಚಹಾ ಕುಡಿಯದೇ ಹೋದ. ನೀವು ಅವನಿಗೆ ಕೇಳಿಸುವಂತೆ ಹೇಳಿದಿರಿ: "ಕಟ್ಟಿ ಹಾಕಿ ನಾಯಿ ಕಾಲ್ ಸಡ್ಲ ಮಾಡಿದಾಕಿ ಈಕಿನ."

ಅವನ ಗಾಡಿ ಹೋದ ಮೇಲೆ ಹೇಳಿದ್ದನ್ನು ಹಿರಿಯರ ಮುಂದೆ ನೀವಾಗಿ ಹೇಳಲಿಕ್ಕಿಲ್ಲ, ನಾನು ಬರೆಯುತ್ತೇನೆ. "ಕಬ್ಬಿನ್ಯಾಗ ಬಿಟ್ಟು ಬಾ. ಓಡಲಾರದ ನಾಯಿಗೆ ಹಾಲು ಯಾರ್ ಹಾಕ್ತಾರ?"

ಬಿಡಲು ಎಂದೇ ಅವಳನ್ನು ಎತ್ತಿಕೊಂಡು ಹೊರಟೆ. ಕಬ್ಬಿನ ಹೊಲ ದಾಟಿದೆ, ರಸ್ತೆಗೆ ಬಂದೆ, ಒಂದು ಟಂಟಂ ಆಟೊ ನಿಂತಿತು. ಎಲ್ಲಿಗೆ ಎಂದು ಡ್ರೈವರ್ ಕೇಳಿದಾಗ ನನ್ನ ಬಾಯಿಂದ ಬನಹಟ್ಟಿ ಎಂದು ಬಂತು. ಮನೆ ಬಿಟ್ಟು ಹೋದಳು ಎಂದು ನೀವು ಹೇಳುತ್ತಿದ್ದೀರಂತೆ. ನಾನು ನೀವು ಹೇಳಿದ ಕೆಲಸಕ್ಕೇ ಹೋದವಳು.

ಬನಹಟ್ಟಿಯಿಂದ ಬೆಳಗಾವಿಗೆ ಒಯ್ದೆ. ಅಲ್ಲಿಯ ನಾಯಿಗಳ ದವಾಖಾನೆಯಲ್ಲಿ ಡಾಕ್ಟರ್ ಪೂರ್ಣಿಮಾ ಅವಳನ್ನು ಮಗ್ಗುಲಿಗೆ ಮಲಗಿಸಿ, ತೊಡೆಯ ಎಲುಬನ್ನು ಒಂದು ಕೈಯಲ್ಲಿ, ಕೆಳಗಿನ ಎಲುಬನ್ನು ಇನ್ನೊಂದರಲ್ಲಿ ಹಿಡಿದು ಒತ್ತಿ ತೋರಿಸಿದರು. ಕೆಳಗಿನ ಎಲುಬು ಮೇಜಿನ ಖಾನೆಯ ಹಾಗೆ ಮುಂದೆ ಸರಿಯಿತು. ಎರಡು ಎಲುಬನ್ನು ಹಿಡಿದಿಡುವ ಲಿಗಮೆಂಟು ಪೂರ್ತಿ ಹರಿದಿದೆ, ನಡುವಿನ ಮೆತ್ತನೆಯ ಬಿಲ್ಲೆಯೂ ಸೀಳಿದೆ, ಆ ಸೀಳು ಬಹುಶಃ ಎರಡನೆಯ ಸಲ ಓಡಿಸಿದ್ದರಿಂದ ಆದದ್ದು ಎಂದರು. ಕೂಡಲೇ ಆಪರೇಶನ್ ಮಾಡಲಾಗಲಿಲ್ಲ. ಕೊಯ್ಯಬೇಕಾದ ಜಾಗದಲ್ಲೇ ನಿಮ್ಮ ಧರೆಪ್ಪನ ಮೂರು ಗೆರೆ ಕೀವು ಕಟ್ಟಿದ್ದವು. ಅವು ಮಾಯುವ ತನಕ ಕಾಯಬೇಕಾಯಿತು, ಅಷ್ಟರಲ್ಲಿ ತೊಡೆ ಒಣಗಿ ಬೆತ್ತದಂತಾಯಿತು.

ಹರಿದದ್ದನ್ನು ಹೊಲಿಯಲು ಬರುವುದಿಲ್ಲವಂತೆ. ಬಿಲ್ಲೆಯ ಸೀಳಿದ ಭಾಗ ತೆಗೆದು, ಕೀಲಿನ ಹೊರಗಡೆ ಒಂದು ಗಟ್ಟಿ ದಾರ ಬಿಗಿದರು. ಆ ದಾರವೂ ಶಾಶ್ವತವಲ್ಲ. ಅದು ಹಿಡಿದಿರುವಷ್ಟು ಕಾಲದಲ್ಲಿ ಸುತ್ತಲಿನ ಪದರ ದಪ್ಪಗಾಗಿ ಕೀಲನ್ನು ತಾನೇ ಹಿಡಿದುಕೊಳ್ಳಬೇಕು. ಅಲ್ಲಿಯ ತನಕ ಓಟ, ಜಿಗಿತ, ಮೆಟ್ಟಿಲು ಏನೂ ಇಲ್ಲ. ಖರ್ಚು ಹೇಗೆ ಆಯಿತೆಂದು ಬರೆಯುವುದಿಲ್ಲ. ನೀವು ಕೇಳಿಲ್ಲ.

ದಾನಮ್ಮನವರ ಗಂಡ ವೀರಣ್ಣನವರು ಅಟ್ಟದ ಮೇಲಿದ್ದ ಹಳೆಯ ಕೈಮಗ್ಗದ ಕಟ್ಟಿಗೆಯಿಂದ ಒಂದು ಗೂಡು ಮಾಡಿಕೊಟ್ಟರು. ಅವಳು ತಿರುಗಿ ಮಲಗುವಷ್ಟೇ ಜಾಗ. ಹೊರಗೆ ಒಯ್ಯುವಾಗ ಹೊಟ್ಟೆಯ ಕೆಳಗೆ ಸೀರೆಯ ತುಂಡೊಂದನ್ನು ಹಾಯಿಸಿ ಹಿಂಭಾಗದ ಭಾರವನ್ನು ನಾನು ಹೊರುತ್ತಿದ್ದೆ. ಮೊದಲು ಮಂಜುಗಡ್ಡೆ ಇಡುವುದು, ಆಮೇಲೆ ಬಿಸಿ ಬಟ್ಟೆ. ದಿನಾ ಕಾಲನ್ನು ಮೆಲ್ಲಗೆ ಮಡಚಿ ಚಾಚಿಸುವುದು. ಮಡಚುವಾಗ ಹಲ್ಲು ತೋರಿಸುತ್ತಿದ್ದಳು, ಕಚ್ಚಲಿಲ್ಲ. ಮಗ್ಗದ ಸದ್ದಿಗೆ ಮೊದಲ ವಾರ ನಡುಗುತ್ತಿದ್ದಳು. ಈಗ ಮಗ್ಗ ನಡೆದಿದ್ದರೆ ನಿದ್ದೆ ಹೋಗುತ್ತಾಳೆ, ಕರೆಂಟ್ ಹೋಗಿ ಸದ್ದು ನಿಂತರೆ ಎದ್ದು ಕೂಡುತ್ತಾಳೆ.

ದೀಪಾವಳಿಯ ನಂತರ ನೀರಿನಲ್ಲಿ ಆಡಿಸಬಹುದು ಎಂದರು. ಚಿಕ್ಕಪಡಸಲಗಿಯ ತವರಿಗೆ ಒಯ್ದೆ. ಬ್ಯಾರೇಜಿನ ಮೇಲುಗಡೆ ನಿಂತ ನೀರಿನಲ್ಲಿ ಎದೆಮಟ್ಟ ಇಳಿದು ಅವಳ ಹೊಟ್ಟೆ ಹಿಡಿದು ಈಸಿಸಿದೆ. ಅಣ್ಣ ಪರಮಾನಂದ ದಂಡೆಯ ಮೇಲೆ ಕೂತು, "ಮಂದಿ ಎಮ್ಮಿ ಮೈ ತೊಳೀತಾರ, ನಮ್ಮ ತಂಗಿ ನಾಯಿಗೆ ಈಸ ಕಲಸಾಕತ್ತಾಳ. ನಾಳಿ ಸಾಲಿಗೂ ಹಚ್ಚತಾಳ" ಎಂದು ಹೋಗುವವರಿಗೆಲ್ಲ ಹೇಳುತ್ತಿದ್ದ. ಹೇಳುತ್ತಲೇ ಒಣಬಟ್ಟೆ ಹಿಡಿದು ನಿಂತಿರುತ್ತಿದ್ದ.

ಈಗ ನಡೆಯುತ್ತಾಳೆ. ಗೊತ್ತಿಲ್ಲದವರಿಗೆ ಕುಂಟು ಕಾಣುವುದಿಲ್ಲ. ಕಳೆದ ತಿಂಗಳು ನಿಮ್ಮ ಗೆಳೆಯರು ಇಲ್ಲಿಯ ಪೇಟೆಯಲ್ಲಿ ಅವಳನ್ನು ನೋಡಿದರು, ನಿಮಗೆ ಹೇಳಿದರು, ಆಮೇಲೆ ನಿಮಗೆ ಹಿರಿಯರ ನೆನಪಾಯಿತು. ಏಳು ತಿಂಗಳು ನಮ್ಮಿಬ್ಬರಲ್ಲಿ ಒಬ್ಬರೂ ನೆನಪಾಗಿರಲಿಲ್ಲ.

ಅವಳು ಬೆದೆಗೆ ಬರುವ ಕಾಲವನ್ನು ನೀವು ಎಣಿಸಿದ್ದೀರಿ, ಮಿರಜದವನಿಗೆ ಮತ್ತೆ ಮಾತು ಕೊಟ್ಟಿದ್ದೀರಿ. ಇದನ್ನೂ ಕಾಕಾ ಮುಚ್ಚಿಡಲಿಲ್ಲ. ಡಾಕ್ಟರ್ ಹೇಳಿದ್ದು ಕೇಳಿ. ಒಂದು ಮೊಣಕಾಲು ಹರಿದ ನಾಯಿಗೆ ಇನ್ನೊಂದೂ ಹರಿಯುವುದು ಸಾಮಾನ್ಯ, ಏಕೆಂದರೆ ಇಷ್ಟು ದಿನ ಭಾರ ಹೊತ್ತದ್ದು ಅದೇ. ಗಂಡು ನಾಯಿಯ ಭಾರ, ಬಸಿರಿನ ಭಾರ ಎರಡೂ ಹಿಂಗಾಲಿನ ಮೇಲೆಯೇ ಬೀಳುತ್ತವೆ. ಈ ದೋಷ ಮರಿಗಳಿಗೂ ಇಳಿಯಬಹುದು, ಇಂಥವಳಿಂದ ತಳಿ ತೆಗೆಯಬಾರದು ಎಂದರು.

ಹಿರಿಯರು ನಾಯಿ ಗಂಡನದು ಎಂದೇ ತೀರ್ಮಾನಿಸಬಹುದು. ಆಗಲಿ. ನಾನು ಗುಡಿಗೆ ಬರುತ್ತೇನೆ, ಹರಣಿಯನ್ನೂ ಕರೆತರುತ್ತೇನೆ. ಆದರೆ ನಾಯಿಯ ಜೋಡಿ ಬರುವವಳಾಗಿ ನಿಮ್ಮ ಹೊಸ್ತಿಲು ತುಳಿಯುವುದಿಲ್ಲ. ನನ್ನನ್ನು ಕರೆಯುವುದಿದ್ದರೆ ಬೇರೆ ಕರೆಯಬೇಕಿತ್ತು. ಆ ಕರೆ ಬಂದರೆ ಹೋಗುತ್ತಿದ್ದೆನೋ ಏನೋ. ಮಂಗಳವಾರ ಕಾಕಾ ಬಾಗಿಲಲ್ಲಿ ಚಪ್ಪಲಿ ಬಿಡುವಾಗ, ಅವರು ಬಾಯಿ ತೆರೆಯುವ ಮುನ್ನ, ನಾನು ಕೈ ತೊಳೆದು ಸೆರಗು ಸರಿ ಮಾಡಿಕೊಂಡದ್ದು ಖರೆ.

ಇಂತಿ, ನಿಮ್ಮ ಎಂದು ಬರೆಯಲಾರದ,
ರೇಷ್ಮಾ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಬರೆಯದೆ ಮುಂದೆ ದಾಟಿಸಿದೆ. ಡಿಸೆಂಬರಿನಲ್ಲಿ ಕಾಲು ತೋರಿಸಲು ಬೆಳಗಾವಿಗೆ ಹೋದಾಗ ಹರಣಿಯ ಗರ್ಭಕೋಶ ತೆಗೆಸಿದ್ದೇನೆ. ಚೀಟಿಗೆ ಮಾಲೀಕಳೆಂದು ಸಹಿ ಮಾಡಿದವಳು ನಾನು. ನಿಮ್ಮ ಮುತ್ಯಾನ ತಳಿ ಇವಳಿಗೇ ಮುಗಿಯಿತು. ಡಾಕ್ಟರ್ ಹೇಳಿದ್ದು ಅರ್ಧ ಕಾರಣ, ಉಳಿದರ್ಧ ನನ್ನದು. ಕಾಕಾನಿಗೆ ಇದು ಗೊತ್ತಿಲ್ಲ, ಹಿರಿಯರಿಗೂ ಗೊತ್ತಿಲ್ಲ, ನಾನು ಹೇಳುವುದೂ ಇಲ್ಲ. ಇದನ್ನು ಓದಿದ ಮೇಲೆ ಮರಿ ಹಾಕದ ನಾಯಿ ನಿಮಗೆ ಬೇಡವಾಗುತ್ತದೆ. ನಿನ್ನೆಯ ತನಕ ಬೇಕಾಗಿದ್ದ ನಾಯಿ ಇವತ್ತು ಯಾಕೆ ಬೇಡವಾಯಿತು ಎಂದು ರವಿವಾರ ಅವರು ಕೇಳುತ್ತಾರೆ. ಕಾರಣವನ್ನು ನೀವೇ ಹೇಳಿ. ನಾನು ಎದುರಿಗೇ ಕೂತಿರುತ್ತೇನೆ.