ಹನ್ನೆರಡನೆಯ ಕುರ್ಚಿ

ಲಾಂಡ್ರಿಯ ಬಾಯ್ಲರ್ ಕೋಣೆ,
ತಾರೀಕು ಹನ್ನೊಂದು, ಶುಕ್ರವಾರ ಬೆಳಿಗ್ಗೆ

ನನ್ನ ಅಕ್ಕನ ಮಗಳೂ, ಈಗ ನನಗೆ ಸಂಬಳ ಕೊಡುವ ಧಣಿಯೂ ಆದ ಚಿನ್ನಾರಿಗೆ,

ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಯೇಸುಸ್ವಾಮಿ ನಿನ್ನನ್ನು ಚೆನ್ನಾಗಿಟ್ಟಿರಲಿ, ಜೊತೆಗೆ ಸ್ವಲ್ಪ ಬುದ್ಧಿಯನ್ನೂ ಕೊಡಲಿ. ಎರಡನೆಯದಕ್ಕೆ ನಾನು ವಿಶೇಷವಾಗಿ ಪ್ರಾರ್ಥಿಸುತ್ತಿದ್ದೇನೆ.

ಹತ್ತು ಮೆಟ್ಟಿಲು ಹತ್ತಿದರೆ ನಿನ್ನ ಆಫೀಸು. ಆದರೂ ಕಾಗದವೇ ಬರೆಯುತ್ತಿದ್ದೇನೆ. ಎದುರಿಗೆ ಬಂದರೆ ನೀನು ಕೂರಿಸಿ ಕಾಫಿ ಕೊಡುತ್ತೀಯ. ಕಾಫಿ ಕುಡಿದ ಬಾಯಲ್ಲಿ ಬೈಯುವುದು ಹೇಗೆ? ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ. ಆದರೆ ನನ್ನ ಅಕ್ಷರಕ್ಕೆ ಮರುಳಾಗಿ ಮೇಷ್ಟ್ರು ತಮ್ಮ ಮಗಳ ಮದುವೆಯ ಕರೆಯೋಲೆಗಳನ್ನೆಲ್ಲ ನನ್ನಿಂದಲೇ ಬರೆಸಿದ್ದರು. ಆದ್ದರಿಂದ ಓದಲು ನಿನಗೆ ಕಷ್ಟವಾಗದು. ನುಂಗಲು ಆದೀತು.

ಮೊದಲು ನಿನ್ನ ನೋಟಿಸಿನ ವಿಷಯ. ನಾಳೆಗೆ ಭಾವ ತೀರಿಕೊಂಡು ಎರಡು ವರ್ಷ. ಅಪ್ಪನ ನೆನಪಿಗೆ ನೀನು ಅಂಗಳದಲ್ಲಿ ಹನ್ನೆರಡು ಕುರ್ಚಿ ಹಾಕಿಸಿ, ಹನ್ನೆರಡು ಕೆಲಸಗಾರರನ್ನು ಕೂರಿಸಿ, ಯೇಸುಸ್ವಾಮಿ ತಮ್ಮ ಹನ್ನೆರಡು ಶಿಷ್ಯರ ಕಾಲು ತೊಳೆದಂತೆ ತೊಳೆಯುತ್ತೀಯಂತೆ. ಫಾದರ್ ಬರುತ್ತಾರೆ, ಫೋಟೋದವನೂ ಬರುತ್ತಾನೆ. ಸಂತೋಷ. ಆದರೆ ಆ ಕೊನೆಯ ಸಾಲು ಬರೆದವರು ಯಾರು? ‘ಆಯ್ಕೆಯಾದವರು ಕಾಲನ್ನು ಸೋಪು ಹಾಕಿ ತೊಳೆದುಕೊಂಡು ಬರತಕ್ಕದ್ದು.’ ಬಾಯ್ಲರಿನವನು ಅದನ್ನು ಎರಡು ಸಲ ಓದಿ, “ಒಗೆದದ್ದನ್ನೇ ಮತ್ತೆ ಒಗೆಯೋದು ಯಾವತ್ತಿಂದ ಶುರುವಾಯ್ತು, ಮಾವ?” ಎಂದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಅಷ್ಟರಲ್ಲಿ ನಿನ್ನ ಚೀಟಿ ಬಂತು. ನಗು ಅಲ್ಲೇ ಸತ್ತಿತು. ಇಸ್ತ್ರಿ ವಿಭಾಗದ ದೊಡ್ಡಕ್ಕನನ್ನು ಕೆಲಸದಿಂದ ತೆಗೆದದ್ದರಿಂದ ಒಂದು ಕುರ್ಚಿ ಖಾಲಿಯಾಗಿದೆ, ಮಾವ ನೀವೇ ಕೂತುಬಿಡಿ, ಹನ್ನೆರಡು ಲೆಕ್ಕ ಸರಿಹೋಗುತ್ತದೆ ಎಂದು ಬರೆದಿದ್ದೀಯ.

ಏನಮ್ಮಾ ಇದು? ಕಳೆದುಹೋದ ಗುಂಡಿಯ ಜಾಗಕ್ಕೆ ಇನ್ನೊಂದು ಗುಂಡಿ ಹೊಲಿಯುವುದೇ? ಆಸ್ಪತ್ರೆಗಳ ಹಾಸಿಗೆ ಬಟ್ಟೆಯನ್ನು ಮೂವತ್ತು ವರ್ಷ ಇಸ್ತ್ರಿ ರೋಲರಿಗೆ ಕೊಟ್ಟ ಹೆಂಗಸು ಅವಳು. ನೀನು ಹಲ್ಲು ಬರುವ ಕಾಲಕ್ಕೆ ಕಿರಿಕಿರಿ ಮಾಡುತ್ತಿದ್ದಾಗ ಮಡಿಸಿದ ಬಟ್ಟೆಯ ರಾಶಿಯ ಮೇಲೆ ನಿನ್ನನ್ನು ಮಲಗಿಸಿ ತಟ್ಟುತ್ತಿದ್ದವಳು.

ಆ ರೋಲರಿನ ಉದ್ದಕ್ಕೂ ಮೇಲೆ ಒಂದು ಕೆಂಪು ಹಗ್ಗ ಇತ್ತಲ್ಲ, ಅದನ್ನು ಕಟ್ಟಿದವರು ಭಾವ. ಬೇರೆಯವರ ಲಾಂಡ್ರಿಯಲ್ಲಿ ಕೂಲಿಯಾಗಿದ್ದಾಗ ಅವರ ಎರಡು ಬೆರಳು ಇಂಥದ್ದೇ ರೋಲರಿಗೆ ಹೋಗಿದ್ದವು. ಅಲ್ಲಿ ಮಿಷನ್ ನಿಲ್ಲಿಸುವ ಹಕ್ಕು ಧಣಿಗೆ ಮಾತ್ರ, ಧಣಿ ಊಟಕ್ಕೆ ಹೋಗಿದ್ದ. ಅದಕ್ಕೇ ಇಲ್ಲಿ ಯಾರು ಬೇಕಾದರೂ ಹಗ್ಗ ಎಳೆದು ಮಿಷನ್ ನಿಲ್ಲಿಸಬಹುದಿತ್ತು, ನಿನ್ನೆ ಸೇರಿದವರೂ. ಎಳೆದವರ ಹತ್ತಿರ ಭಾವ ಓಡಿಬರುತ್ತಿದ್ದರು. ಯಾಕೆ ನಿಲ್ಲಿಸಿದೆ ಅಂತ ಒಂದು ದಿನವೂ ಕೇಳಿದವರಲ್ಲ. “ಏನು ಕಂಡೆ?” ಅಂತ ಕೇಳುತ್ತಿದ್ದರು. ಕಂಡದ್ದು ಬರೀ ಜಿರಲೆ ಆದರೂ, ಕಂಡು ಹೇಳಿದೆಯಲ್ಲ, ಒಳ್ಳೆಯದಾಯ್ತು ಎಂದು ಹೋಗುತ್ತಿದ್ದರು. ಸ್ವಾಮಿಯ ಸುವಾರ್ತೆಯನ್ನು ಅವರು ಗೋಡೆಗೆ ಹಾಕಲಿಲ್ಲ, ಹಗ್ಗಕ್ಕೆ ಕಟ್ಟಿದ್ದರು.

ನೀನು ಮೂರು ದಿನ ನಾಯಕತ್ವದ ತರಬೇತಿಗೆ ಹೋಗಿ ಬಂದೆ. ಬಾಗಿಲಿಗೆ ‘ಇಲ್ಲಿ ಎಲ್ಲರಿಗಿಂತ ದೊಡ್ಡವನು ಎಲ್ಲರ ಸೇವಕ’ ಎಂದು ಹಿತ್ತಾಳೆ ಫಲಕ ಬಂತು. ಅದೇ ವಾರ, ಸುಮ್ಮಸುಮ್ಮನೆ ಎಳೆಯುತ್ತಾರೆ ಅಂತ ಹಗ್ಗ ಹೋಯಿತು. ಅದರ ಬದಲು ಒಂದು ಸ್ವಿಚ್ಚು, ಸ್ವಿಚ್ಚಿಗೆ ಗಾಜಿನ ಪೆಟ್ಟಿಗೆ, ಪೆಟ್ಟಿಗೆಗೆ ಬೀಗ, ಬೀಗದ ಕೈ ಕಂಬದ ಕೊಕ್ಕೆಗೆ. ಹಗ್ಗ ಬಿಚ್ಚುವಾಗ ಏಣಿ ಹಿಡಿದವರು ಯಾರು ಮಾವ ಅಂತ ನೀನು ಕೇಳುವುದಾದರೆ, ಹೌದು, ನಾನೇ ಹಿಡಿದೆ. ಹಿಡಿಯದೆ ಏನು ಮಾಡಲಿ? ನೀನು ಬೀಳಬಾರದಲ್ಲ.

ಹೋದ ಮಂಗಳವಾರ ದೊಡ್ಡಕ್ಕನ ಜೋಡಿಯವಳ ತೋಳು ಒದ್ದೆ ಬಟ್ಟೆಯ ಜೊತೆ ಸುತ್ತಿಕೊಂಡು ರೋಲರಿನ ಕಡೆ ಹೋಯಿತು. ಅವಳನ್ನು ನಾವು ಮೌನಿ ಅಂತಲೇ ಕರೆಯುವುದು. ಆರು ವರ್ಷದಲ್ಲಿ ಅವಳ ದನಿ ಕೇಳಿದ್ದು ಅವತ್ತೇ ಮೊದಲಂತೆ. ದೊಡ್ಡಕ್ಕನ ಕೈ ಅಭ್ಯಾಸಬಲದಿಂದ ಮೇಲಕ್ಕೆ ಹೋಯಿತು. ಹಗ್ಗ ಇರಲಿಲ್ಲ. ಕೊಕ್ಕೆಗೆ ಓಡಿದಳು. ಆಮೇಲೆ ಮೊಣಕೈಯಿಂದ ಗಾಜು ಒಡೆದು ಸ್ವಿಚ್ಚು ಆರಿಸಿದಳು. ಬಿಸಿ ರೋಲರು ಧಡಕ್ಕನೆ ನಿಂತು ಅದರ ಹೊದಿಕೆ ಸುಟ್ಟಿತು, ಆಸ್ಪತ್ರೆಯ ಬಟ್ಟೆ ಒಂದು ದಿನ ತಡವಾಯಿತು. ಮೌನಿಗೆ ಮುಂಗೈ ಸುಟ್ಟ ಗಾಯ ಅಷ್ಟೆ. ಬೆರಳು ಐದೂ ಇವೆ.

ನೀನು ದೊಡ್ಡಕ್ಕನನ್ನು ಆಫೀಸಿಗೆ ಕರೆಸಿದೆ. ಮೇಜಿನ ಮೇಲೆ ವರದಿ ಇತ್ತು: ಬೀಗದ ಕೈ ಕೊಕ್ಕೆಯಲ್ಲೇ ಇತ್ತು, ಈಕೆ ನೋಡದೆ ಗಾಜು ಒಡೆದಿದ್ದಾಳೆ. ಅದನ್ನು ಬರೆದ ಮೇಸ್ತ್ರಿ ನಾನು. ಆ ಮಾತಿಗೆ ಆಮೇಲೆ ಬರುತ್ತೇನೆ. ಅವಳು ಹೇಳಿದ್ದು ಇಷ್ಟೇ: “ಕೊಕ್ಕೆ ಖಾಲಿ ಇತ್ತಮ್ಮಾ. ಅವಳ ಕೈ ಒಳಗೆ ಹೋಗ್ತಾ ಇರೋವಾಗ ಊರೆಲ್ಲ ಹುಡುಕ್ಲಾ?” ಒಡೆದದ್ದನ್ನಾದರೂ ಕ್ಷಮಿಸುತ್ತಿದ್ದೆ, ಸುಳ್ಳನ್ನು ಕ್ಷಮಿಸಲಾರೆ ಎಂದು ನೀನು ಅಂದೆ. ಏನು ಕಂಡೆ ಅಂತ ಮಾತ್ರ ಕೇಳಲಿಲ್ಲ.

ನಿನ್ನ ತರಬೇತಿಯಲ್ಲಿ ಅರ್ಧವೇ ಹೇಳಿಕೊಟ್ಟಿದ್ದಾರೆ ಮಗಳೇ. ಕಾಲು ತೊಳೆಯಲು ಸ್ವಾಮಿ ಸೊಂಟಕ್ಕೆ ಟವೆಲು ಕಟ್ಟಿಕೊಂಡರು, ಬೀಗದ ಕೈ ಗೊಂಚಲನ್ನು ಕಟ್ಟಿಕೊಳ್ಳಲಿಲ್ಲ. ಪರಲೋಕದ ಬೀಗದ ಕೈಗಳನ್ನೇ ಬಲೆ ಎಳೆಯುವ ಪೇತ್ರನ ಕೈಗೆ ಕೊಟ್ಟವರು ಅವರು. ಅವನು ಎಂಥ ಎಡವಟ್ಟು ಆಸಾಮಿ ಅಂತ ಗೊತ್ತಿದ್ದೂ ಕೊಟ್ಟರು. ನಿನಗೆ ಒಂದು ಸ್ವಿಚ್ಚನ್ನು ನಂಬಿ ಕೊಡಲು ಆಗಲಿಲ್ಲ. ವರ್ಷಕ್ಕೊಂದು ದಿನ ಬಗ್ಗಿ ಕಾಲು ಮುಟ್ಟುವುದು ಏನು ಮಹಾ? ಉಳಿದ ದಿನ ಅವರ ಕೈಯನ್ನು ನಂಬಬೇಕಲ್ಲ, ಬೆವರು ಬರುವುದು ಅಲ್ಲಿ.

ಇನ್ನೊಂದು. ಯೂದ ತಮ್ಮನ್ನು ಶತ್ರುಗಳಿಗೆ ಹಿಡಿದುಕೊಡಲಿದ್ದಾನೆಂದು ಗೊತ್ತಿದ್ದೂ ಸ್ವಾಮಿ ಅವನ ಕಾಲನ್ನೂ ತೊಳೆದರು. ಪಟ್ಟಿಯಿಂದ ಹೆಸರು ಹೊಡೆದು ಬೇರೆಯವರನ್ನು ಕೂರಿಸಲಿಲ್ಲ.

ನಾನು ಆ ಕುರ್ಚಿಯಲ್ಲಿ ಕೂರುವುದಿಲ್ಲ. ಹಬೆಯ ವಾಸನೆ ನೋಡಿಯೇ ಯಾವ ವಾಲ್ವು ಸೋರುತ್ತಿದೆಯೆಂದು ಹೇಳಬಲ್ಲ ಮೇಸ್ತ್ರಿ ಈ ಸೀಮೆಯಲ್ಲಿ ನಾನೊಬ್ಬನೇ. ಆದರೂ ಬೇಕಾದರೆ ನನ್ನನ್ನೂ ತೆಗೆ. ನಾಳೆಯೊಳಗೆ ದೊಡ್ಡಕ್ಕ ವಾಪಸು ಬರಬೇಕು. ನೀನೇ ಅವಳ ಮನೆಗೆ ಹೋಗಿ ಕರೆಯಬೇಕು, ಫೋಟೋದವನಿಲ್ಲದೆ. ಹಳೆಯ ಹಗ್ಗ ಉಗ್ರಾಣದಲ್ಲಿತ್ತು. ಇವತ್ತು ಬೆಳಿಗ್ಗೆ ನಾನೇ ಅದನ್ನು ಕಟ್ಟಿದ್ದೇನೆ, ನಿನ್ನನ್ನು ಕೇಳದೆ. ಬಿಚ್ಚಿಸುವುದಾದರೆ ಏಣಿಗೆ ಬೇರೆಯವರನ್ನು ನೋಡಿಕೋ.

ಕೋಪ ಎಷ್ಟಿದೆಯೋ ಪ್ರೀತಿಯೂ ಅಷ್ಟೇ ಇರುವ,
ನಿನ್ನ ಹಬೆ ಮಾವ

ಮರೆತ ಮಾತು (ಮರೆತದ್ದಲ್ಲ, ಬರೆಯಲು ಧೈರ್ಯ ಬಂದದ್ದು ಈಗ): ಲಕೋಟೆಯಲ್ಲಿ ಗಟ್ಟಿಯಾಗಿ ಕೈಗೆ ಸಿಗುವುದು ಆ ಪೆಟ್ಟಿಗೆಯ ಬೀಗದ ಕೈ. ಕೊಕ್ಕೆ ಖಾಲಿಯೇ ಇತ್ತು. ಕೀ ನನ್ನ ಜೇಬಿನಲ್ಲಿತ್ತು, ನಾನು ರಸ್ತೆಯಾಚೆ ಚಹಾದಂಗಡಿಯಲ್ಲಿದ್ದೆ. ಇದು ಅಲ್ಲಾಡದೆ ಲಾಂಡ್ರಿಯೇ ಅಲ್ಲಾಡುವುದಿಲ್ಲ ಎಂದು ಅಲ್ಲಿದ್ದವರಿಗೆ ಅದನ್ನು ಬೆರಳಲ್ಲಿ ತಿರುಗಿಸಿ ತೋರಿಸುತ್ತಿದ್ದೆ. ಕೂಗು ಕೇಳಿ ಓಡಿಬಂದೆ. ದೊಡ್ಡಕ್ಕನ ಮೊಣಕೈಯಲ್ಲಿ ರಕ್ತ. ಕಟ್ಟಲು ಕರವಸ್ತ್ರ ಎಳೆದಾಗ ಕೀ ಅದರ ಜೊತೆ ಜಾರಿ ನೆಲಕ್ಕೆ ಬಿತ್ತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. ಬೇರೆಯವರ ಕಣ್ಣಿಗೆ ಬೀಳುವ ಮೊದಲು ಕಾಲಿನಿಂದ ಮೆಲ್ಲಗೆ ನನ್ನ ಕಡೆಗೆ ಸರಿಸಿದಳು. ನಿನ್ನ ಆಫೀಸಿನಲ್ಲೂ ನನ್ನ ಹೆಸರು ಎತ್ತಲಿಲ್ಲ. ನೀನು ಪಟ್ಟಿಯಿಂದ ಹೊಡೆದುಹಾಕಿದ್ದು ಆ ಕಾಲನ್ನು.