ಒಂಬತ್ತನೆಯ ಪ್ರಶ್ನೆ

ಹೊರ್ತಿ, ತಾಲೂಕು ಇಂಡಿ
ರವಿವಾರ, ೨೮-೩-೧೯೭೬

ಚಿ. ಸಾವಿತ್ರಿಗೆ ಅಪ್ಪನ ಆಶೀರ್ವಾದಗಳು.

ನಾವೆಲ್ಲ ಉಂಡುಟ್ಟು ಚೆನ್ನಾಗಿದ್ದೇವೆ. ನೀನೂ ಹಾಸ್ಟೆಲಿನ ಆ ನೀರು ಸಾರನ್ನು ಉಂಡು ಬದುಕಿದ್ದೀ ಎಂದುಕೊಂಡಿದ್ದೇನೆ. ನಿನ್ನ ಪತ್ರ ಬಂದು ಇಪ್ಪತ್ತಮೂರು ದಿನವಾಯಿತು. ತಡವಾದದ್ದಕ್ಕೆ ಕ್ಷಮಿಸು ಎಂದು ಬರೆಯಬೇಕು, ಬರೆದಿದ್ದೇನೆ. ಆದರೆ ಅರ್ಧ ತಪ್ಪು ನಿನ್ನದೇ. ಮಗಳಾದವಳು ತಂದೆಗೆ ಪತ್ರ ಬರೆದರೆ ಮೊಣಕಾಲು ನೋವು ಹೇಗಿದೆ ಎಂದು ಕೇಳುತ್ತಾಳೆ. ನೀನು ಹನ್ನೊಂದು ಪ್ರಶ್ನೆಗಳ ಹಾಳೆ ಕಳಿಸಿದ್ದೀ. ಕೋರ್ಟಿನ ಸಮನ್ಸಿನಲ್ಲಿ ಕೂಡ ಇಷ್ಟು ಕಲಮು ಇರುವುದಿಲ್ಲ.

ಏಪ್ರಿಲಿನಲ್ಲಿ ನಿನ್ನ ಕೊನೆಯ ಪರೀಕ್ಷೆ, ಮೌಖಿಕದಲ್ಲಿ ಪಾದ ಜೋತುಬಿದ್ದ ರೋಗಿಯ ಬಗ್ಗೆ ಕೇಳಿಯೇ ಕೇಳುತ್ತಾರೆ, ಅದಕ್ಕೆ ನಮ್ಮೂರ ಸುಂದರವ್ವನ ಕಾಲನ್ನು ಪರೀಕ್ಷಿಸಿ ಬರೆ ಎಂದಿದ್ದೀ. ಮುಂಬಯಿಯಂಥ ಊರಿನಲ್ಲಿ ಒಂದು ಕೆಟ್ಟ ಕಾಲು ಸಿಗಲಿಲ್ಲವೇ? ಹೊರ್ತಿಯಿಂದ ಟಪಾಲಿನಲ್ಲಿ ತರಿಸಬೇಕೇ? ನಿನ್ನ ಪ್ರೊಫೆಸರರು ಫ್ಯಾನಿನ ಕೆಳಗೆ ಕೂತು ಮಂದಿಯ ಸ್ನಾಯುಗಳಿಗೆ ಸೊನ್ನೆಯಿಂದ ಐದರವರೆಗೆ ಮಾರ್ಕು ಹಾಕುತ್ತಾರಂತೆ. ನಮ್ಮ ಕನ್ನಡ ಸಾಲಿಯ ಮಾಸ್ತರರೂ ಅದನ್ನೇ ಮಾಡುತ್ತಾರೆ, ಅವರಿಗೆ ಯಾರೂ ಸಾಹೇಬರೆನ್ನುವುದಿಲ್ಲ. ಫಿಜಿಯೋಥೆರಪಿ ಎಂಬ ಶಬ್ದ ನಿನ್ನ ಅವ್ವನ ಬಾಯಲ್ಲಿ ಇನ್ನೂ ಹೊರಳುವುದಿಲ್ಲ. ಕೇಳಿದವರಿಗೆಲ್ಲ "ನಮ್ಮ ಸಾವಿತ್ರಿ ಮುಂಬೈದಾಗ ಕಾಲ ತಿಕ್ಕೂದು ಕಲಿಯಾಕತ್ಯಾಳ" ಎಂದು ಹೇಳುತ್ತಾಳೆ. ನಾನು ತಿದ್ದುವುದನ್ನು ಬಿಟ್ಟಿದ್ದೇನೆ.

ನಮ್ಮ ಡಾಕ್ಟರರು ತೀರಿಕೊಂಡು ದವಾಖಾನೆ ಮುಚ್ಚಿ ಎರಡು ವರ್ಷವಾದರೂ ಮಂದಿ ನನ್ನ ಕಟ್ಟೆಗೆ ಬರುವುದು ತಪ್ಪಿಲ್ಲ. ಮೂವತ್ತೊಂದು ವರ್ಷ ಕಂಪೌಂಡರಿಕೆ ಮಾಡಿದ್ದೇನೆ, ಈ ಜನಕ್ಕೆ ಬುದ್ಧಿ ಬರುವ ಔಷಧಿಯೊಂದನ್ನು ಮಾತ್ರ ಕಲಸಲು ಆಗಲಿಲ್ಲ. ಗುಳಿಗೆ ಕೊಟ್ಟರೆ ಅವರಿಗೆ ಅವಮಾನ. ನೆಗಡಿಯಾದರೂ ಸೂಜಿಯೇ ಬೇಕು. ಮೊನ್ನೆ ಲಚ್ಯಾಣದಿಂದ ಒಬ್ಬ ಬಂದು ಆಗಲೇ ಅಂಗಿ ಎತ್ತಿ ನಿಂತಿದ್ದ. ಏನಾಗಿದೆ ಎಂದರೆ, "ಏನೂ ಆಗಿಲ್ರಿ, ಶಕ್ತಿಗೆ ಒಂದ್ ಸೂಜಿ ಮಾಡ್ರಿ" ಎಂದ. ಈಗ ಸೂಜಿ ಹಾಕುವುದಿಲ್ಲ ಎಂದು ಅಟ್ಟಿದೆ. ದಾರಿಯುದ್ದಕ್ಕೂ ಬೈಯುತ್ತ ಹೋದ.

ಇನ್ನು ಸುಂದರವ್ವನ ಅವ್ವ ರಾಮವ್ವ. ಅವಳನ್ನು ನೀನು ಬಲ್ಲೆ, ಆದರೂ ಬರೆಯುತ್ತೇನೆ, ಏಕೆಂದರೆ ಮೂಢತನಕ್ಕೆ ನಮ್ಮ ತಾಲೂಕಿನಲ್ಲಿ ಬಹುಮಾನ ಇಟ್ಟಿದ್ದರೆ ಅದು ಅವಳ ಮನೆ ಬಿಟ್ಟು ಹೊರಗೆ ಹೋಗುತ್ತಿರಲಿಲ್ಲ. ಮಗಳ ಕಾಲು ಬಿದ್ದದ್ದು ಆರನೆಯ ವರ್ಷಕ್ಕೆ. ಅದಕ್ಕೆ ಎಂಟು ದಿನ ಮೊದಲು ಇವಳು ಮುಟ್ಟಿನಲ್ಲಿದ್ದೂ ಮರೆತು ಮಾಳಿಂಗರಾಯನ ಗುಡಿಗೆ ಹೋಗಿ ದೇವರ ಅರಿಶಿನದ ಭಂಡಾರ ಮುಟ್ಟಿದ್ದಳಂತೆ. ಹುಡುಗಿಯ ಹಣೆಗೂ ಹಚ್ಚಿದ್ದಳಂತೆ. ಪೂಜಾರಿಗೆ ಅಷ್ಟೇ ಸಾಕಾಯಿತು. ದೇವರು ಕಾಲು ಹಿಡಿದಿದ್ದಾನೆ ಎಂದ. ಮಗಳು ನೆಟ್ಟಗೆ ನಡೆಯುವವರೆಗೆ ಚಪ್ಪಲಿ ಹಾಕುವುದಿಲ್ಲ, ಪ್ರತಿ ಅಮಾವಾಸ್ಯೆಗೆ ಎರಡು ಹರದಾರಿ ನಡೆದು ಗುಡಿಗೆ ಬರುತ್ತೇನೆ ಎಂದು ಇವಳು ಹರಕೆ ಹೊತ್ತಳು. ಹದಿನಾಲ್ಕು ವರ್ಷವಾಯಿತು. ಬೇಸಿಗೆಯಲ್ಲಿ ಅಂಗಾಲು ಬೊಬ್ಬೆ ಎದ್ದಾಗ ಮುಲಾಮು ಕೇಳಲು ಬರುವುದು ಮಾತ್ರ ಮಾಳಿಂಗರಾಯನ ಹತ್ತಿರ ಅಲ್ಲ, ನನ್ನ ಹತ್ತಿರ. ಮುಲಾಮಿನ ಜೊತೆ ನಾಲ್ಕು ಮಾತು ಪುಕ್ಕಟೆ ಕೊಟ್ಟು ಕಳಿಸುತ್ತೇನೆ. "ಅದು ಪೋಲಿಯೋ, ಹುಚ್ಚಿ. ರೋಗಾ ಐತಿ, ನಿನ್ನ ದೇವರಿಗೆ ಹುಡುಗಿ ಕಾಲ ತಗೊಂಡ ಏನ್ ಮಾಡೂದೈತಿ?" ಎಂದು ಸಂತೆಯಲ್ಲಿ ನಾಲ್ಕು ಜನರ ಮುಂದೆ ಕೇಳಿದ್ದೇನೆ. ಅವಳು ತಲೆ ತಗ್ಗಿಸಿ, "ನೀವು ಕಲತಾವ್ರು, ನಿಮಗ ಗೊತ್ತಿರತೈತ್ರಿ. ನನ್ನ ಪಾಪಾ ನನಗ ಗೊತ್ತೈತಿ" ಎನ್ನುತ್ತಾಳೆ. ಇಂಥವರ ಜೊತೆ ವಾದ ಮಾಡುವುದೆಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಅದಿರಲಿ, ನಿನ್ನ ಹಾಳೆಗೆ ಬರುತ್ತೇನೆ. ಕಳೆದ ತಿಂಗಳ ಅಮಾವಾಸ್ಯೆ ಕಳೆದು ಎಂಟು ದಿನಕ್ಕೆ ಸುಂದರವ್ವನ ಮನೆಗೆ ಹೋದೆ. ರಾಮವ್ವ ಕುರಿಗಳ ಹಿಂದೆ ಹೋಗಿದ್ದಳು. ಸುಂದರವ್ವ ಪಡಸಾಲೆಯಲ್ಲಿ ಉಣ್ಣೆ ನೂಲುತ್ತ ಕೂತಿದ್ದಳು. ನಿನ್ನ ಓರಗೆಯವಳಲ್ಲವೇ, ಬಾಯಿಯೂ ನಿನ್ನಷ್ಟೇ ಉದ್ದ. "ಏನ್ ಕಾಕಾ, ಹದಿನಾಕ ವರ್ಷದ ಮ್ಯಾಲ ನನ್ನ ಕಾಲ ನೆನಪಾತೇನ್ರಿ?" ಎಂದಳು. ನನಗಲ್ಲ, ಸಾವಿತ್ರಿಗೆ ನೆನಪಾಗಿದೆ ಎಂದು ಹಾಳೆ ತೋರಿಸಿದೆ. ನಿನ್ನ ಹೆಸರು ಕೇಳಿದ್ದೇ ರಾಟಿ ಬದಿಗಿಟ್ಟು ಕಾಲು ಚಾಚಿದಳು.

ಒಂದನೆಯ ಪ್ರಶ್ನೆ, ನಡಿಗೆ. ಹೊಳೆಯ ನೀರಿನಲ್ಲಿ ನಡೆಯುವವರಂತೆ ಎಡ ಮೊಣಕಾಲನ್ನು ಮೇಲೆ ಎತ್ತಿ ನಡೆಯುತ್ತಾಳೆ, ಪಾದ ಥಪ್ಪೆಂದು ಬೀಳುತ್ತದೆ. ಎರಡು ಮತ್ತು ಮೂರು, ಅಳತೆ. ನಿನ್ನ ಅವ್ವನ ಹೊಲಿಗೆಯ ಟೇಪು ಒಯ್ದಿದ್ದೆ. ಎಡಗಾಲು ಮುಕ್ಕಾಲು ಇಂಚು ಗಿಡ್ಡ, ಮೀನಖಂಡ ಒಂದೂವರೆ ಇಂಚು ತೆಳು. ನಾಲ್ಕರಿಂದ ಏಳರವರೆಗೆ ನಿಮ್ಮ ಪ್ರೊಫೆಸರರ ಮಾರ್ಕುಗಳು. ತೊಡೆಗೆ ಐದಕ್ಕೆ ಐದು, ನಾನು ಬಲಹಾಕಿ ಒತ್ತಿದರೂ ಮೊಣಕಾಲು ಮಡಿಸಲು ಬಿಡಲಿಲ್ಲ. ಪಾದವನ್ನು ಕೆಳಗೆ ಒತ್ತುವುದಕ್ಕೆ ನಾಲ್ಕು. ಹೊರಗೆ ತಿರುಗಿಸುವುದಕ್ಕೆ ಒಂದು, ಅಂದರೆ ಸ್ನಾಯು ಮಿಸುಕುತ್ತದೆ, ಪಾದ ಮಿಸುಕುವುದಿಲ್ಲ. ಮೇಲೆ ಎತ್ತುವುದಕ್ಕೆ ಸೊನ್ನೆ. ಅವಳು ಹಲ್ಲು ಕಚ್ಚಿ ಪ್ರಯತ್ನ ಮಾಡಿದಳು, ಹಣೆಯ ಮೇಲೆ ಬೆವರು ಬಂತು, ಹೆಬ್ಬೆರಳು ಕೂಡ ಏಳಲಿಲ್ಲ.

ಎಂಟು, ಟಾಚಣಿ, ಅಂದರೆ ನಿನ್ನ ಗುಂಡುಸೂಜಿ. ಕಣ್ಣು ಮುಚ್ಚಿಸಿ ಚುಚ್ಚು ಎಂದಿದ್ದೀ, ಚುಚ್ಚಿದೆ. ತೊಡೆಯಲ್ಲಿ, ಮೊಣಕಾಲಲ್ಲಿ ಪ್ರತಿ ಸಲ "ಹೂಂ" ಎಂದಳು. ಕಣಕಾಲಿನ ಹೊರಮಗ್ಗುಲಿಗೆ ಮತ್ತು ಪಾದದ ಮೇಲೆ ಬಂದಾಗ ಸುಮ್ಮನಾದಳು. ಆಮೇಲೆ, "ಯಾಕ್ ಕಾಕಾ, ನಿಂತ್ರಿ? ಚುಚ್ರಲ್ಲ" ಎಂದಳು. ನಾನು ಆಗಲೇ ನಾಲ್ಕು ಸಲ ಚುಚ್ಚಿದ್ದೆ. ಪಾದದ ಮೇಲೆ ಸಾಸಿವೆ ಕಾಳಿನಷ್ಟು ರಕ್ತ ನಿಂತಿತ್ತು. ಅಲ್ಲೇ ಪಕ್ಕದಲ್ಲಿ ಒಂದು ಹಳೆಯ ಸುಟ್ಟ ಕಲೆ ಇದೆ. ಹತ್ತನೆಯ ವರ್ಷಕ್ಕೆ ಒಲೆಯ ಕೆಂಡ ಬಿದ್ದದ್ದು. ಆಗ ಪಟ್ಟಿ ಕಟ್ಟಿದವನು ನಾನೇ. ಹುಡುಗಿ ಒಂದು ಹನಿ ಕಣ್ಣೀರು ಹಾಕಲಿಲ್ಲ ಎಂದು ಊರಿಗೆಲ್ಲ ಹೇಳಿ ಹೊಗಳಿದ್ದೆ. ಪೋಲಿಯೋದಲ್ಲಿ ಶಕ್ತಿ ಹೋಗುತ್ತದೆ, ಸ್ಪರ್ಶ ಹೋಗುವುದಿಲ್ಲ ಎಂದು ನೀನು ಹಾಳೆಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೀ. ನಿಮ್ಮ ಪುಸ್ತಕ ಬರೆದವನು ಹೊರ್ತಿಯ ಕಾಲು ನೋಡಿದ್ದಾನೆಯೇ?

ಒಂಬತ್ತನೆಯದನ್ನು ಬಿಟ್ಟಿದ್ದೇನೆ. ಅದು ಮೂರ್ಖ ಪ್ರಶ್ನೆ.

ಹತ್ತು, ಏನು ಮಾಡಲು ಬರುವುದಿಲ್ಲ. ಬಸ್ಸು ಹತ್ತಲು, ಬದುವು ದಾಟಲು, ನೀರಿನ ಕೊಡ ಹೊತ್ತು ಮೆಟ್ಟಿಲು ಇಳಿಯಲು ಬರುವುದಿಲ್ಲ. ನೋಡಲು ಬಂದ ಮೂರು ಗಂಡುಗಳು ಅವಳು ಚಹಾ ತಂದು ಇಡುವ ನಡಿಗೆ ನೋಡಿಯೇ ಎದ್ದು ಹೋದವು. ಚಹಾ ಮಾತ್ರ ಕುಡಿದೇ ಹೋದವು, ನಾಚಿಕೆಗೆಟ್ಟವು. ಹನ್ನೊಂದು, ರೋಗಿಗೆ ಸ್ವತಃ ಏನು ಬೇಕು. ಇದನ್ನೂ ಕೇಳಬೇಕೇ? ಕಾಲು ಬೇಕು, ಇನ್ನೇನು? ಆದರೂ ಕೇಳಿದೆ. ಅವಳು ರಾಟಿಯನ್ನು ಮತ್ತೆ ಹತ್ತಿರ ಎಳೆದುಕೊಂಡು, "ನನಗೇನೂ ಬ್ಯಾಡ್ರಿ ಕಾಕಾ, ರೂಢಿ ಆಗೈತಿ. ನಮ್ಮವ್ವ ಕಾಲಿಗಿ ಚಪ್ಪಲಿ ಹಾಕ್ಕೊಂಡ್ರ ಸಾಕು" ಎಂದಳು. ಇದಕ್ಕೆ ನಿಮ್ಮ ಪರೀಕ್ಷಕರು ಎಷ್ಟು ಮಾರ್ಕು ಕೊಡುತ್ತಾರೋ ನೋಡು.

ಯುಗಾದಿಗೆ ನಿನ್ನ ಅವ್ವ ಹೋಳಿಗೆ ಮಾಡುತ್ತಾಳೆ, ನಿನ್ನ ಪಾಲು ನಾನು ತಿನ್ನುತ್ತೇನೆ. ಪರೀಕ್ಷೆಗೆ ಹೋಗುವಾಗ ಹಸಿದ ಹೊಟ್ಟೆಯಲ್ಲಿ ಹೋಗಬೇಡ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನು. ಗೊತ್ತಿದ್ದವರಂತೆ ಮುಖ ಮಾಡುವ ವಿದ್ಯೆ ನಮ್ಮ ಮನೆಯಲ್ಲಿ ಒಬ್ಬನಿಗೆ ಸಾಕು. ಪಾಸಾಗಿ ಬಾ, ನಿನ್ನ ಕೈಗಳಿಂದ ನಾಲ್ಕು ಜನ ಎದ್ದು ನಡೆಯಲಿ. ಬಸವಣ್ಣ ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ಶಂಕರೆಪ್ಪ

ತಾ. ಕ.: ಲಕೋಟೆಗೆ ಅಂಟು ಹಚ್ಚಿದವನು ಮತ್ತೆ ಬಿಚ್ಚಿದ್ದೇನೆ. ಒಂಬತ್ತನೆಯದರಲ್ಲಿ ನೀನು ಕೇಳಿದ್ದು ಇದು: "ಕಾಲು ಬೀಳುವ ಮೊದಲು ಸುಂದರಿಗೆ ಯಾರಾದರೂ ಸೂಜಿ ಹಾಕಿದ್ದರೇ? ಹಾಕಿದ್ದರೆ ಕುಂಡೆಯ ಯಾವ ಭಾಗಕ್ಕೆ? ಆಮೇಲೆ ಎಷ್ಟು ಹೊತ್ತಿಗೆ ಕಾಲು ಬಿತ್ತು?"

ಹಾಕಿದ್ದರು. ಎಡಕ್ಕೆ, ನಟ್ಟನಡುವೆ. ಹಾಕಿದವನು ನಾನು.

ಅಂದು ಡಾಕ್ಟರರು ಇಂಡಿಗೆ ಹೋಗಿದ್ದರು. ಹುಡುಗಿಗೆ ಕೆಂಡದಂಥ ಜ್ವರ. ರಾಮವ್ವ ಕಾಲು ಹಿಡಿದು "ಸೂಜಿ ಮಾಡ್ರಿ ಯಪ್ಪಾ" ಎಂದು ಅತ್ತಳು. ಕ್ವಿನೈನ್ ತುಂಬಿ ಚುಚ್ಚಿದೆ. ನಡುವೆ ಚುಚ್ಚಬಾರದು, ಮೇಲಿನ ಹೊರಮೂಲೆಗೇ ಚುಚ್ಚಬೇಕು, ನಡುವೆ ಕಾಲಿನ ದೊಡ್ಡ ನರ ಇರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ. ಬಾಟಲಿ ತೊಳೆಯುತ್ತ ನೋಡಿ ಕಲಿತ ವಿದ್ಯೆ ನನ್ನದು. ಅದನ್ನು ಹದಿನಾಲ್ಕು ವರ್ಷದ ಮೇಲೆ, ಒಂಬತ್ತನೆಯ ಪ್ರಶ್ನೆಯ ಕೆಳಗೆ ನೀನು ಕೆಂಪು ಶಾಯಿಯಲ್ಲಿ ಬರೆದದ್ದರಲ್ಲಿ ಓದಿದೆ. ಹುಡುಗಿ ಆಗ ಚೀರಿದ ಚೀರುವಿಕೆ ಸೂಜಿ ಹಾಕಿಸಿಕೊಂಡ ಮಕ್ಕಳ ಅಳುವಾಗಿರಲಿಲ್ಲ, ಅದು ನನಗೆ ಅಂದೇ ಗೊತ್ತಿತ್ತು. ಎಷ್ಟು ಹೊತ್ತಿಗೆ ಎಂದು ಕೇಳಿದ್ದೀಯಲ್ಲ, ಹೊತ್ತೇ ಆಗಲಿಲ್ಲ ಸಾವಿತ್ರಿ. ಬೆಂಚಿನಿಂದ ಇಳಿಸಿದರೆ ಪಾದ ಮಡಚಿಕೊಂಡು ಬಿದ್ದಳು. ನಾನು "ನಾಟಕಾ ಮಾಡಬ್ಯಾಡ, ಏಳ" ಎಂದು ಗದರಿದೆ. ಮೂರನೆಯ ದಿನ ಪೋಲಿಯೋ ಎಂದು ಹೆಸರಿಟ್ಟವನೂ ನಾನೇ. ಡಾಕ್ಟರರಿಗೆ ಸೂಜಿಯ ಮಾತೇ ಹೇಳಲಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸಿದರಂತೆ, ಹಾಗೆ ರಾಮವ್ವನ ಭಂಡಾರವನ್ನು ತೋರಿಸಿ ಇಷ್ಟು ವರ್ಷ ನಕ್ಕೆ. ಈ ತಾಲೂಕಿನಲ್ಲಿ ನನ್ನೊಬ್ಬನನ್ನು ಬಿಟ್ಟು ನಾನು ಹೀಯಾಳಿಸದವರು ಯಾರೂ ಉಳಿದಿರಲಿಲ್ಲ. ಉಳಿದ ಒಬ್ಬನಿಗೆ ಈಗ ಸರದಿ ಬಂದಿದೆ.

ಟಾಚಣಿ ಚುಚ್ಚಿದ ಮಾರನೆಯ ದಿನವೇ ಹೇಳಬೇಕೆಂದು ಹೋದೆ. ರಾಮವ್ವ ಕಂಬಳಿ ಹಾಸಿ ಕೂರಿಸಿ ಚಹಾ ಕೊಟ್ಟಳು. ನಾನು ಬಾಯಿ ತೆರೆಯುವ ಮೊದಲೇ ಸುಂದರವ್ವನಿಗೆ ಹೇಳತೊಡಗಿದಳು: "ಊರೆಲ್ಲಾ ನನಗ ಪಾಪಿ ಅಂದಾಗ ಇವ್ರೊಬ್ರು ನಿನ್ನ ಕೈ ಬಿಡಲಿಲ್ಲವ್ವಾ. ಅವತ್ತ ಸೂಜಿ ಮಾಡಿ ಜೀವಾ ಉಳಿಸಿದ್ರು. ಜೀವಾ ಇವ್ರು ಕೊಟ್ರು, ಕಾಲು ಮಾಳಿಂಗರಾಯ ಒಯ್ದ." ನಾನು ಚಹಾ ಕುಡಿದು ಎದ್ದು ಬಂದೆ. ಆ ಮೂರು ಗಂಡುಗಳ ಹಾಗೆಯೇ.

ಇಂಡಿಯ ಪೇಟೆಯಿಂದ ಒಂದು ಜೊತೆ ಹೆಣ್ಣುಮಕ್ಕಳ ಚಪ್ಪಲಿ ತಂದಿಟ್ಟು ಎರಡು ವಾರವಾಯಿತು. "ಯಾರಿಗ್ರಿ ಇವು? ನನ್ನ ಕಾಲಿಗಂತೂ ಅಲ್ಲ" ಎಂದು ನಿನ್ನ ಅವ್ವ ದಿನಾ ಕೇಳುತ್ತಾಳೆ. ಅವಳಿಗೂ ಹೇಳಿಲ್ಲ. ಪಾದ ಎತ್ತಿ ಹಿಡಿಯುವ ಪಟ್ಟಿಯ ಬೂಟು ಬರುತ್ತದೆ ಎಂದು ಹೋದ ವರ್ಷ ಹೇಳಿದ್ದೆಯಲ್ಲ, ಅದನ್ನು ಸುಂದರವ್ವನಿಗೆ ನೀನು ತಾ. ಅಳತೆ ಮೇಲೆ ಇದೆ. ಆ ಪಾದಕ್ಕೆ ಗಾಯವಾದರೂ ತಿಳಿಯುವುದಿಲ್ಲ, ದಿನಾ ಕಣ್ಣಿಂದ ನೋಡಿಕೊಳ್ಳಬೇಕೆಂದು ಅವಳಿಗೆ ಕಲಿಸು.

ಮಂಗಳವಾರ ಯುಗಾದಿ ಅಮಾವಾಸ್ಯೆ. ಬಿಸಿಲೇರುವ ಮೊದಲು ರಾಮವ್ವ ಗುಡಿಗೆ ಹೊರಡುತ್ತಾಳೆ. ನಾನು ಅದಕ್ಕೂ ಮೊದಲು ಅವಳ ಅಂಗಳದಲ್ಲಿರುತ್ತೇನೆ. ಈ ಪತ್ರವನ್ನು ನಾಳೆಯೇ ಟಪಾಲಿಗೆ ಹಾಕುತ್ತೇನೆ. ನಿನಗೆ ಬರೆದು ಕಳಿಸಿಬಿಟ್ಟರೆ ಮತ್ತೆ ಚಹಾ ಕುಡಿದು ಎದ್ದು ಬರಲು ಆಗುವುದಿಲ್ಲ. ಏನು ಹೇಳಬೇಕೆಂದು ನಿನ್ನ ಹಾಳೆಯ ಹಿಂದೆ ಬರೆದು ಬರೆದು ಹೊಡೆದುಹಾಕಿದ್ದೇನೆ. ಉಳಿದದ್ದು ಇಷ್ಟೇ:

"ರಾಮವ್ವಾ, ಇವನ್ನ ಕಾಲಿಗಿ ಹಾಕ್ಕೋ. ನಿನ್ನ ದೇವರು ಏನೂ ಮಾಡಿಲ್ಲ, ನೀನೂ ಏನೂ ಮಾಡಿಲ್ಲ. ನಾ ಮಾಡೇನಿ."